ಯಾವ ಟೈಮಿಂಗ್‌ನ ನಂದು ಅಂತ ಬರ್ಕೊಳ್ಳಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ, ಪಿಬಿ. ಹೊಸಬರಿಗೆ ಹೇಳ್ತೀನಿ, ಪಿಬಿ ಅಂದ್ರೆ ಪರ್ಸನಲ್ ಬೆಸ್ಟ್, ಕೆಲವರು ಪಿಆರ್ ಅಂತಾರೆ, ಒಂದು ದೂರನ ನೀವು ಇಲ್ಲೀವರೆಗೆ ಓಡಿರೋದ್ರಲ್ಲಿ ಎಲ್ಲಕ್ಕಿಂತ ಒಳ್ಳೆ ಟೈಮಿಂಗ್. ಅದನ್ನ ಯಾರೂ ಬಂದು ಚೆಕ್ ಮಾಡಲ್ಲ, ಅದಕ್ಕೆ ಕಪ್ಪೂ ಇಲ್ಲ ದುಡ್ಡೂ ಇಲ್ಲ, ಆದ್ರೂ ಜನ ಇಷ್ಟು ತಲೆ ಕೆಡಿಸ್ಕೊಂಡು ಬರೀತಾರಲ್ಲ, ನಂಗೆ ಅದೇ ತುಂಬಾ ಇಷ್ಟ ಆಯ್ತು. ಆರು ಪತ್ರ ಆರಿಸಿದೀನಿ.

*

ಮೇಡಂ, 10ಕೆನ 50 ನಿಮಿಷದೊಳಗೆ ಮುಗಿಸ್ಬೇಕು ಅಂತ ಆರು ತಿಂಗಳು ಪ್ರಾಕ್ಟೀಸ್ ಮಾಡಿದ್ದೆ. ಬೆಂಗಳೂರಲ್ಲಿ ರೇಸ್ ದಿನ ವಾಚಲ್ಲಿ 10 ಕಿಲೋಮೀಟರ್ ಆದಾಗ 49:38. ಆದ್ರೆ ಫಿನಿಶ್ ಲೈನ್ ಇನ್ನೂ ಮುಂದಿತ್ತು! ಅಲ್ಲಿಗೆ ಮುಟ್ಟೋ ಹೊತ್ತಿಗೆ 50:25 ಆಗೋಯ್ತು, ವಾಚು ಒಟ್ಟು 10.16 ತೋರಿಸ್ತಿತ್ತು. ಸರ್ಟಿಫೈಡ್ ಕೋರ್ಸ್ ಅಂತ ಬೇರೆ ಹಾಕ್ಕೊಂಡಿದ್ರು. ಇದು ಮೋಸ ಅಲ್ವಾ? ಓಟ ಲೆಕ್ಕ ಇಡೋ ಸ್ಟ್ರಾವಾ ಆ್ಯಪ್ 49:38 ಅಂತಾನೇ ತೋರಿಸ್ತಿದೆ, ಅದನ್ನೇ ಇಟ್ಕೊಳ್ಳಲಾ? — ಓದುಗರು, ತುಮಕೂರು

50:25 ನಿಮ್ದು. ಬೇಜಾರಾಗುತ್ತೆ ಗೊತ್ತು, ಆದ್ರೆ ರಸ್ತೆ ಅಳೆಯೋದು ಹೇಗೆ ಅಂತ ಒಂದ್ಸಲ ಕೇಳಿಸ್ಕೊಂಡ್ರೆ ನೀವೇ ಒಪ್ಕೋತೀರ.

ಸರ್ಟಿಫೈಡ್ ಕೋರ್ಸ್‌ನ ಜಿಪಿಎಸ್‌ನಲ್ಲಿ ಅಳೆಯಲ್ಲ, ಕಾರಿನ ಮೀಟರಲ್ಲೂ ಅಳೆಯಲ್ಲ. ಸೈಕಲಲ್ಲಿ ಅಳೀತಾರೆ. ಮುಂದಿನ ಚಕ್ರದ ಗುಂಬಕ್ಕೆ ಜೋನ್ಸ್ ಕೌಂಟರ್ ಅಂತ ಒಂದು ಪುಟ್ಟ ಯಂತ್ರ ಸಿಕ್ಕಿಸಿರ್ತಾರೆ, ಚಕ್ರ ತಿರುಗಿದ ಹಾಗೆ ಅದರ ಅಂಕಿ ಏರ್ತಾ ಹೋಗುತ್ತೆ, ಒಂದೊಂದು ಅಂಕಿಗೂ ರಸ್ತೆ ಹೆಚ್ಚು ಕಮ್ಮಿ ಒಂದು ಗೇಣಿನ ಅರ್ಧ ಅಷ್ಟೆ. ನಾನೊಂದ್ಸಲ ಅಳತೆಯವರ ಹಿಂದೆ ಸ್ಕೂಟರಲ್ಲಿ ಹೋಗಿದ್ದೆ, ರಾತ್ರಿ ಎರಡೂವರೆಗೆ, ಆಗ ಮಾತ್ರ ರಸ್ತೆ ಖಾಲಿ ಸಿಗೋದು. ಮೊದಲು ಒಂದು ನೇರವಾದ ಜಾಗ ಹುಡುಕಿ ಸ್ಟೀಲ್ ಟೇಪ್ ಹಾಸಿ 300 ಮೀಟರ್ ಅಳೆದ್ರು, ಎರಡೂ ತುದಿಗೆ ಮೊಳೆ ಹೊಡೆದ್ರು. ಆ 300 ಮೀಟರ್ ಮೇಲೆ ನಾಲ್ಕು ಸಲ ಸೈಕಲ್ ಓಡಿಸಿ ಎಷ್ಟು ಅಂಕಿ ಆಯ್ತು ಅಂತ ಬರ್ಕೊಂಡ್ರು. ಆಮೇಲೆ ಪೂರ್ತಿ ಕೋರ್ಸು. ಮುಗಿಸಿ ಬಂದ್ಮೇಲೆ ಬೆಳಗಾಗಿತ್ತು, ಹಾಲಿನ ವ್ಯಾನ್ ಓಡಾಡ್ತಿದ್ವು, ಆಗ ಮತ್ತೆ ಅದೇ ಮೊಳೆಯಿಂದ ಮೊಳೆಗೆ ನಾಲ್ಕು ಸಲ. ಯಾಕೆ ಇನ್ನೊಂದ್ಸಲ ಅಂತ ಕೇಳಿದ್ದಕ್ಕೆ ಅವರು ಟೈರ್ ಮುಟ್ಟಿ ನೋಡಿ ಅಂದ್ರು. ಬಿಸಿ ಏರಿದ್ರೆ ಟೈರಿನ ಗಾಳಿ ಹಿಗ್ಗುತ್ತೆ, ಚಕ್ರ ಒಂದು ಕೂದಲಷ್ಟು ದೊಡ್ಡದಾಗುತ್ತೆ, ಅಷ್ಟಕ್ಕೂ ಲೆಕ್ಕ ಇಡ್ಬೇಕಂತೆ.

ಇದೆಲ್ಲ ಆದ್ಮೇಲೂ ಪ್ರತಿ ಕಿಲೋಮೀಟರಿಗೆ 1 ಮೀಟರ್ ಜಾಸ್ತಿ ಸೇರಿಸ್ತಾರೆ, ಅಳತೆಯಲ್ಲಿ ಏನಾದ್ರೂ ಚೂರು ತಪ್ಪಿದ್ರೂ ದೂರ ಯಾವತ್ತೂ ಕಮ್ಮಿ ಬೀಳಬಾರ್ದು ಅಂತ. ಹಂಗಾಗಿ ನಿಮ್ಮ 10ಕೆ ನಿಜವಾಗ್ಲೂ 10,010 ಮೀಟರ್ ಇರುತ್ತೆ, ಮ್ಯಾರಥಾನ್ 42.195 ಬದಲು 42.237 ಕಿಲೋಮೀಟರ್ ಇರುತ್ತೆ. ಬೇಕಂತಲೇ ಮಾಡೋದು, ಮೋಸ ಅಲ್ಲ.

ಮಿಕ್ಕಿದ 150 ಮೀಟರ್ ಎಲ್ಲಿಂದ ಬಂತು ಅಂತೀರಾ, ಅದು ನಿಮ್ಮ ಕಾಲಿಂದ ಮತ್ತೆ ವಾಚಿಂದ. ಅಳೆಯೋರು ತಿರುವಲ್ಲಿ ಅಂಚಿನ ಕಲ್ಲಿಂದ ಬರೀ 30 ಸೆಂಟಿಮೀಟರ್ ಬಿಟ್ಟು, ಇದ್ದಿದ್ರಲ್ಲಿ ಹತ್ತಿರದ ದಾರಿ ಹಿಡಿದು ಹೋಗ್ತಾರೆ. ನೀವು ಹಂಗೆ ಓಡಿದ್ರಾ? ಮುಂದಿದ್ದವರನ್ನ ಸುತ್ತಿ ಹಾಕ್ಕೊಂಡು, ನೀರಿನ ಟೇಬಲ್‌ಗೆ ಎಡಕ್ಕೆ ಬಂದು, ಮತ್ತೆ ಬಲಕ್ಕೆ ಹೋಗಿ, ಯೂ-ಟರ್ನಲ್ಲಿ ದೊಡ್ಡದಾಗಿ ಸುತ್ತು ಹೊಡೆದು ಓಡಿರ್ತೀರ. ಜೊತೆಗೆ ವಾಚು ಮರ, ಎತ್ತರದ ಬಿಲ್ಡಿಂಗು, ಫ್ಲೈಓವರ್ ಕೆಳಗೆಲ್ಲ ಅತ್ತಿತ್ತ ತೂರಾಡಿ ಗೆರೆ ಎಳೆಯುತ್ತೆ. ಓಟ ಮುಗಿದ ಮೇಲೆ ಮ್ಯಾಪ್ ದೊಡ್ಡದು ಮಾಡಿ ನೋಡಿ, ನೀವು ಯಾರದ್ದೋ ಕಾಂಪೌಂಡ್ ಹಾರಿ ಮನೆಯೊಳಗೆ ಹೊಕ್ಕು ಬಂದ ಹಾಗೆ ಕಾಣುತ್ತೆ.

ಮುಂದಿನ ಸಲಕ್ಕೆ ಒಂದು ಕೆಲ್ಸ ಮಾಡಿ, ವಾಚಿನ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯೋ ಟೈಮ್) ನಂಬ್ಕೊಂಡು 4:58ಕ್ಕೆ ಓಡ್ಬೇಡಿ, 4:52 ಇಟ್ಕೊಳ್ಳಿ. ಪ್ರತಿ ಕಿಲೋಮೀಟರ್ ಬೋರ್ಡ್ ಹತ್ರ ಕೈಯಲ್ಲೇ ಲ್ಯಾಪ್ ಬಟನ್ ಒತ್ತಿ. ನಿಮ್ಮ ಕಾಲಲ್ಲಿ 50ರ ಒಳಗೆ ಬರೋ ಶಕ್ತಿ ಇದೆ ಅಂತ ಈ ರೇಸೇ ಹೇಳ್ತಿದೆ.

*

ಅಕ್ಕಾರ ನಮಸ್ಕಾರ್ರಿ. ನಮ್ಮ ಕಡೆ ಒಂದ 10ಕೆ ಇತ್ತ್ರಿ, 48:10ಕ್ಕ ಮುಗಿಸೇನಿ. ಜೀವನದಾಗ ಮೊದಲನೇ ಸಲ 50ರ ಒಳಗ ಬಂದೇನಿ ಅಂತ ಮನ್ಯಾಗ ಪೇಢೆ ಹಂಚೇನ್ರಿ. ಆಮ್ಯಾಲೆ ನೋಡಿದ್ರ ಎಲ್ಲಾರ ವಾಚಿನ್ಯಾಗೂ 9.6 ಐತಿ. ಸರ್ಟಿಫಿಕೇಟ್ ಮ್ಯಾಲೆ ಮಾತ್ರ 10 ಕಿಲೋಮೀಟರ್ ಅಂತ ಬರದಾರ. ದೋಸ್ತರು ಕಾಡಾಕತ್ತಾರ. ಇದು ನಂದು ಹೌದೋ ಅಲ್ಲೋ ಹೇಳ್ರಿ. — ಓದುಗರು, ಹುಬ್ಬಳ್ಳಿ

ತಮ್ಮಾ, ಇದು 10ಕೆ ಪಿಬಿ ಅಲ್ಲ. ಪೇಢೆ ಹಂಚಿದ್ದು ಮಾತ್ರ ತಪ್ಪಲ್ಲ.

ಮೇಲಿನವರಿಗೆ ವಾಚ್ ನಂಬ್ಬೇಡಿ ಅಂದು ನಿಮಗೆ ನಂಬಿ ಅಂತಿದೀನಿ ಅಂತ ಅನ್ಸ್ಬಹುದು. ಆದ್ರೆ ವಾಚು ಸಾಮಾನ್ಯವಾಗಿ ತಪ್ಪೋದು ಜಾಸ್ತಿ ಕಡೆಗೆ. ಸರಿಯಾಗಿ ಅಳೆದ ಕೋರ್ಸಲ್ಲಿ 10.1, 10.2 ಬರುತ್ತೆ. ಒಬ್ಬರದಲ್ಲ, ಇಬ್ಬರದಲ್ಲ, ಎಲ್ಲರ ವಾಚೂ 400 ಮೀಟರ್ ಕಮ್ಮಿ ಹೇಳಿದ್ರೆ ಅದು ವಾಚಿನ ತಪ್ಪಲ್ಲ, ರಸ್ತೆದು.

ನಂಗೂ ಇದು ಆಗಿದೆ. ಸುಮಾರು ಹನ್ನೆರಡು ವರ್ಷದ ಹಿಂದೆ, ಒಂದು ತಾಲೂಕು ಊರಲ್ಲಿ ಹಾಫ್ ಮ್ಯಾರಥಾನ್. ಅವತ್ತಿಗೆ ನನ್ನ ಬೆಸ್ಟ್ 1:57 ಇತ್ತು, ಅವತ್ತು 1:52:40 ಬಂತು. ಫಿನಿಶಲ್ಲಿ ಕೂತು ಅತ್ತೇಬಿಟ್ಟಿದ್ದೆ. ಮಧ್ಯಾಹ್ನ ತಿಂಡಿ ತಿನ್ನೋವಾಗ ಯಾರೋ ಹೇಳಿದ್ರು, ಯೂ-ಟರ್ನ್ ಆಗ್ಬೇಕಿದ್ದಿದ್ದು ದೇವಸ್ಥಾನದ ಕಮಾನಿನ ಹತ್ರ, ಕೋನ್ ಇಡೋ ಹುಡುಗ ಅದಕ್ಕಿಂತ ಮುಂಚೆ ಸಿಗೋ ಪೆಟ್ರೋಲ್ ಬಂಕ್ ಮುಂದೇನೇ ಇಟ್ಬಿಟ್ಟಿದ್ದ ಅಂತ. ಬಂಕಿಂದ ಕಮಾನಿಗೆ ಹೋಗಿ ನೋಡ್ಕೊಂಡು ಬಂದೆ, 300 ಮೀಟರ್. ಹೋಗಿ ಬರೋದು ಸೇರಿ 600. ಪೇಸ್ ಲೆಕ್ಕ ಹಾಕಿದ್ರೆ ಪೂರ್ತಿ ಓಡಿದ್ರೂ 1:56 ಆಗ್ತಿತ್ತು, ಅಂದ್ರೆ ಆಗಲೂ ನನ್ನ ಬೆಸ್ಟೇ. ಅದನ್ನ ಬರ್ಕೊಳ್ಳೋಣ ಅಂತ ಪೆನ್ನು ತಗೊಂಡಿದ್ದೆ, ಆಮೇಲೆ ಕೈ ತಡೀತು. ಯಾಕಂದ್ರೆ ಹಾಫಲ್ಲಿ ಕಾಲು ಕಟ್ಟಿಹಾಕಿದ ಹಾಗಾಗೋದು, ಉಸಿರು ಸಿಗದೆ ಇರೋದು ಎಲ್ಲ ಕೊನೇ ಕಿಲೋಮೀಟರಲ್ಲೇ, ಆ 600 ಮೀಟರ್‌ನ ನಾನು ಓಡೇ ಇಲ್ಲ. ಓಡದೆ ಇರೋದನ್ನ ಗುಣಾಕಾರ ಮಾಡಿ ಓಡಿದೆ ಅನ್ನೋಕಾಗುತ್ತಾ? ಡೈರೀಲಿ 20.5 ಕಿ.ಮೀ., 1:52:40 ಅಂತ ಬರೆದೆ. ಅದು ಈಗ್ಲೂ ಹಾಗೇ ಇದೆ, ಒಳ್ಳೆ ಓಟ ಅದು, ನಂಗೆ ಇಷ್ಟ. ಹಾಫ್ ಪಿಬಿ ಕಾಲಮ್ಮಲ್ಲಿ ಮಾತ್ರ ಇಲ್ಲ.

ದೊಡ್ಡ ದೊಡ್ಡ ರೇಸಲ್ಲೂ ಹೀಗಾಗಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನಲ್ಲಿ 2013, 2014, 2015 ಮೂರೂ ವರ್ಷ ಕೋರ್ಸ್ 380 ಮೀಟರ್ ಕಮ್ಮಿ ಇತ್ತು ಅಂತ 2016ರಲ್ಲಿ ಗೊತ್ತಾಯ್ತು, ಸಾವಿರಾರು ಜನರ ಟೈಮಿಂಗ್ ಲೆಕ್ಕಕ್ಕಿಲ್ಲದಂಗಾಯ್ತು. ಮೂರೇ ಗಂಟೆಯೊಳಗೆ ಬಂದೆ ಅಂತ ಟ್ಯಾಟೂ ಹಾಕಿಸ್ಕೊಂಡವರಿಗೆ ಹೇಗಾಗಿರ್ಬೇಕು ಯೋಚ್ನೆ ಮಾಡಿ. ಅದೇ 2016ರಲ್ಲಿ ಗ್ಲಾಸ್ಗೋದ ಹಾಫ್ ಮ್ಯಾರಥಾನ್ ಸುಮಾರು 150 ಮೀಟರ್ ಕಮ್ಮಿ ಇತ್ತು, ಗೆದ್ದ ಕ್ಯಾಲಮ್ ಹಾಕಿನ್ಸ್ ಸ್ಕಾಟ್ಲೆಂಡ್ ದಾಖಲೆ ಮಾಡಿದೀನಿ ಅಂದ್ಕೊಂಡಿದ್ರು, ಅದು ಕೈಬಿಟ್ಟು ಹೋಯ್ತು. ಅವರು ಮುಂದಿನ ಫೆಬ್ರವರೀಲಿ ಜಪಾನಿನ ಮರುಗಾಮೆಗೆ ಹೋಗಿ ಸರಿಯಾಗಿ 1:00:00 ಓಡಿ ದಾಖಲೆನ ವಾಪಸ್ ತಗೊಂಡ್ರು.

ನಿಮ್ಮ ಲೆಕ್ಕನೂ ಹಾಕಿ ನೋಡಿದೆ. 9.6ಕ್ಕೆ 48:10 ಅಂದ್ರೆ ಕಿಲೋಮೀಟರಿಗೆ 5:01, ಪೂರ್ತಿ 10 ಆಗಿದ್ರೆ 50:10. ಹತ್ತು ಸೆಕೆಂಡ್ ಅಷ್ಟೇ ತಮ್ಮಾ! ಎರಡು ತಿಂಗಳು ವಾರಕ್ಕೊಂದ್ಸಲ 1 ಕಿಲೋಮೀಟರ್ ಓಟನ 4:45ಕ್ಕೆ ಐದು ಸಲ ಮಾಡಿ, ಮಧ್ಯೆ ಎರಡು ನಿಮಿಷ ನಿಧಾನ ಜಾಗಿಂಗ್, ಆಮೇಲೆ ಅಳತೆ ಸರಿ ಇರೋ ಒಂದು ರೇಸ್ ನೋಡ್ಕೊಳ್ಳಿ. ಆಯೋಜಕರಿಗೂ ಒಂದು ಪತ್ರ ಬರೀರಿ, ಜಗಳಕ್ಕಲ್ಲ, ಮುಂದಿನ ವರ್ಷ ಅಳೆಸ್ರಿ ಅಂತ.

*

ನಂದಿ ಬೆಟ್ಟದ ಮೇಲಿಂದ ಕೆಳಗೆ ಫ್ರೆಂಡ್ಸ್ ಜೊತೆ 10 ಕಿಲೋಮೀಟರ್ ಓಡಿದೆ, 43:20! ಫ್ಲಾಟ್ ರೋಡಲ್ಲಿ ನಂದು 49. ವಾಚು 430 ಮೀಟರ್ ಇಳಿತ ತೋರಿಸ್ತಿದೆ. ದೂರ ಅಂತೂ ಪೂರ್ತಿ ಓಡಿದೀನಲ್ಲ, ಇದು ಪಿಬಿ ಆಗಲ್ವಾ? — ಓದುಗರು, ಚಿಕ್ಕಬಳ್ಳಾಪುರ

ಆಗಲ್ಲಪ್ಪ. ಜಗತ್ತಿನ ಅಥ್ಲೆಟಿಕ್ಸ್ ನೋಡ್ಕೊಳ್ಳೋ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್‌ನ ನಿಯಮದಲ್ಲಿ ರಸ್ತೆ ಓಟದ ದಾಖಲೆ ಆಗ್ಬೇಕಂದ್ರೆ ಕಿಲೋಮೀಟರಿಗೆ ಸರಾಸರಿ 1 ಮೀಟರಿಗಿಂತ ಜಾಸ್ತಿ ಇಳಿತ ಇರಬಾರ್ದು, ಅಂದ್ರೆ 10ಕೆಗೆ 10 ಮೀಟರ್. ನಿಮ್ದು 430. ಇನ್ನೊಂದು ನಿಯಮನೂ ಇದೆ, ಸ್ಟಾರ್ಟ್‌ಗೂ ಫಿನಿಶ್‌ಗೂ ನೇರ ಗೆರೆ ಎಳೆದ್ರೆ ಅದು ಓಟದ ದೂರದ ಅರ್ಧಕ್ಕಿಂತ ಜಾಸ್ತಿ ಇರಬಾರ್ದು, ಇಲ್ಲಾಂದ್ರೆ ಬೆನ್ನಿಗೆ ಗಾಳಿ ಬಂದ್ರೆ ಕೊನೇವರೆಗೂ ತಳ್ಕೊಂಡೇ ಹೋಗುತ್ತೆ.

ಇದಕ್ಕೆ ಬಾಸ್ಟನ್ ಮ್ಯಾರಥಾನ್ ಕಥೆ ಹೇಳ್ಲೇಬೇಕು. ಅದು ಒಂದೂರಿಂದ ಇನ್ನೊಂದೂರಿಗೆ ಹೋಗೋ ದಾರಿ, ಇಳಿತ ಸುಮಾರು 140 ಮೀಟರ್, ನಿಯಮ ಬಿಡೋದು 42. 2011ರಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಅಲ್ಲಿ 2:03:02 ಓಡಿದ್ರು, ಬೆನ್ನ ಹಿಂದೆ ಒಳ್ಳೆ ಗಾಳಿ ಇತ್ತು. ಅವತ್ತಿನ ವಿಶ್ವದಾಖಲೆ 2:03:59, ಅಂದ್ರೆ ಅದಕ್ಕಿಂತ 57 ಸೆಕೆಂಡ್ ಬೇಗ, ಆದ್ರೂ ದಾಖಲೆ ಅಂತ ಒಪ್ಪಲಿಲ್ಲ. ಮುಟಾಯ್ ಏನ್ ಮಾಡಿದ್ರು ಗೊತ್ತಾ, ಅದೇ ವರ್ಷ ಅಕ್ಟೋಬರಲ್ಲಿ ಫ್ರಾಂಕ್‌ಫರ್ಟಲ್ಲಿ, ನಿಯಮದ ಕೋರ್ಸಲ್ಲಿ, 2:03:42 ಓಡಿ ತೋರಿಸಿದ್ರು. ಗಾಳಿ ಇಳಿತ ಎರಡೂ ಇಲ್ಲದೇನೂ ಅವರು ಎಂಥಾ ಓಟಗಾರ ಅಂತ ಎಲ್ರಿಗೂ ಗೊತ್ತಾಯ್ತು.

ಈಗ ಬಾಸ್ಟನ್ನಿನವರೇ, ಬೇರೆ ಮ್ಯಾರಥಾನಲ್ಲಿ ಟೈಮ್ ತೋರಿಸಿ ತಮ್ಮಲ್ಲಿಗೆ ಬರೋರಿಗೆ ಹೊಸ ಲೆಕ್ಕ ತಂದಿದಾರೆ, 2027ರ ರೇಸಿಂದ, 1500 ಅಡಿಗೆ ಮೇಲ್ಪಟ್ಟು ಇಳಿಯೋ ಮ್ಯಾರಥಾನಲ್ಲಿ ಕ್ವಾಲಿಫೈ ಆದವರ ಟೈಮಿಗೆ 5 ನಿಮಿಷ ಸೇರಿಸ್ತಾರೆ, 3000 ಅಡಿ ದಾಟಿದ್ರೆ 10 ನಿಮಿಷ, 6000 ಅಡಿ ಅಂದ್ರೆ ತಗೊಳ್ಳೋದೇ ಇಲ್ಲ.

ನೀವು ಡೈರೀಲಿ “ನಂದಿ ಇಳಿಜಾರು” ಅಂತಾನೇ ಒಂದು ಪುಟ ಮಾಡ್ಕೊಳ್ಳಿ. ಕೆಳಗಿಂದ ಮೇಲಕ್ಕೆ ಓಡೋದಕ್ಕೂ ಒಂದು ಪುಟ. ಶ್ರೀರಂಗಪಟ್ಟಣದ ಹತ್ರ ಕಾವೇರಿ ನಾಲೆ ಏರಿ ಮೇಲೆ ಟ್ರೇಲ್ ಓಟ ಮಾಡ್ತಾರಲ್ಲ, ಅದೂ ಹಾಗೇನೆ, ಆ ಮಣ್ಣಿನ ದಾರಿಯ ಟೈಮಿಂಗ್‌ನ ಹೋದ ವರ್ಷ ಅದೇ ದಾರೀಲಿ ಓಡಿದ್ದಕ್ಕೆ ಹೋಲಿಸಿ ನೋಡಿ, ಟಾರ್ ರಸ್ತೆದಕ್ಕಲ್ಲ. ಮತ್ತೆ ಇಳಿಜಾರು ಓಟ ಆದ್ಮೇಲೆ ನಾಲ್ಕು ದಿನ ತೊಡೆಗೆ ರೆಸ್ಟ್ ಕೊಡಿ.

*

ಗನ್ ಟೈಮ್ 2:09, ಚಿಪ್ ಟೈಮ್ 2:04. ಯಾವುದು ನಂದು? — ಓದುಗರು, ಮಂಗಳೂರು

ಚಿಪ್ ಟೈಮ್, ಅನುಮಾನಾನೇ ಬೇಡ. ಗನ್ ಟೈಮ್ ಶುರು ಆಗೋದು ಓಟ ಬಿಟ್ಟ ಕ್ಷಣದಿಂದ, ಚಿಪ್ ಟೈಮ್ ನೀವು ಸ್ಟಾರ್ಟ್ ಗೆರೆಯ ಮ್ಯಾಟ್ ತುಳಿದಾಗಿಂದ. ಸ್ಟಾರ್ಟ್ ಮ್ಯಾಟ್ ತುಳಿಯೋಕೇ ನಿಮಗೆ ಐದು ನಿಮಿಷ ಹಿಡಿದಿದೆ, ಆ ಐದು ನಿಮಿಷ ನೀವು ಗುಂಪಲ್ಲಿ ನಿಂತಿದ್ರಿ, ಓಡ್ತಿರಲಿಲ್ಲ. ಗನ್ ಟೈಮ್ ಲೆಕ್ಕ ಇರೋದು ಮುಂದೆ ನಿಂತು ಒಬ್ಬರ ಮೇಲೊಬ್ಬರು ಸ್ಪರ್ಧೆ ಮಾಡೋರಿಗೆ, ವಿಶ್ವದಾಖಲೆಗೆ ಅದೇ ಬೇಕು. ವಾಚ್ ಟೈಮ್ ಬೇರೆ ಅಂತೀರಾದ್ರೆ, ನೀರು ಕುಡಿಯೋಕೆ ನಿಂತಾಗ ತಾನಾಗೇ ಟೈಮ್ ನಿಲ್ಲಿಸೋ ಆಟೋ-ಪಾಝ್ ಆಫ್ ಮಾಡಿ ಮೊದಲು. ನಿಂತಿದ್ದ ಟೈಮೂ ಓಟದ ಟೈಮೇ.

*

ನಮ್ಮನೆಯವರ ಹತ್ರ ಇದೇ ಚರ್ಚೆ. ನಾನು ಜಿಮ್ ಟ್ರೆಡ್‌ಮಿಲ್ಲಲ್ಲಿ 5ಕೆ 27 ನಿಮಿಷಕ್ಕೆ ಓಡಿದೀನಿ. ಅವರು ಹೊರಗೆ 28:30. ಆದ್ರೆ ಅವರಿಗೆ ಫ್ರೆಂಡ್ ಒಬ್ಬ ಪಕ್ಕದಲ್ಲೇ ಸೈಕಲಲ್ಲಿ ಬಂದು ನೀರು ಕೊಡ್ತಾ ಪೇಸ್ ಹೇಳ್ತಾ ಇದ್ದ, ಕಾಲಲ್ಲಿ ಕಾರ್ಬನ್ ಪ್ಲೇಟ್ ಶೂ (ತಳದೊಳಗೆ ಗಟ್ಟಿ ಪಟ್ಟಿ ಇರೋದು) ಬೇರೆ. ಯಾರದು ನಿಜವಾದ ಪಿಬಿ? — ಓದುಗರು, ಮೈಸೂರು

ಗಂಡ ಹೆಂಡ್ತಿ ಇಬ್ಬರಿಗೂ ನಾನು ಪೂರ್ತಿ ಮಾರ್ಕ್ಸ್ ಕೊಡಲ್ಲ.

ಟ್ರೆಡ್‌ಮಿಲ್ ಮೊದಲು. ಪರದೆ ಮೇಲೆ ಬರೋ ದೂರ ಆ ಮಷೀನು ಹೇಳೋದು, ಬೆಲ್ಟ್ ಹಳೇದಾಗಿದ್ರೆ, ಸರ್ವೀಸ್ ಆಗಿಲ್ಲದಿದ್ರೆ ಒಂದು ಮಷೀನಿಗೂ ಪಕ್ಕದ್ದಕ್ಕೂ ತಾಳೆ ಆಗಲ್ಲ. ಗೊತ್ತು ಮಾಡ್ಕೊಳ್ಳೋಕೆ ಸುಲಭ ಇದೆ, ಬೆಲ್ಟಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ, ಟೇಪಲ್ಲಿ ಒಂದು ಸುತ್ತಿನ ಉದ್ದ ಅಳೀರಿ, ಯಾರಾದ್ರೂ ಮೇಲೆ ಓಡ್ತಿರೋವಾಗ ನೂರು ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಎಣಿಸಿ. ಸರಿ ಬಂತು ಅಂದ್ರೂ ಗಾಳಿ ಇಲ್ಲ, ತಿರುವಿಲ್ಲ, ವೇಗನ ನೀವು ಹಿಡಿದಿಡಬೇಕಿಲ್ಲ, ಬೆಲ್ಟೇ ಹಿಡಿದಿಡುತ್ತೆ. ಅದಕ್ಕೇ ಅದು ಟ್ರೆಡ್‌ಮಿಲ್ ಪಿಬಿ, ಬೇರೆ ಕಾಲಮ್.

ನಿಮ್ಮನೆಯವರದು. ಶೂ ತಪ್ಪಲ್ಲ. ಅಂಗಡೀಲಿ ಎಲ್ರಿಗೂ ಸಿಗೋ ಶೂ ಹಾಕ್ಕೊಳ್ಳೋದ್ರಲ್ಲಿ ಏನಿದೆ, ಜೊತೆಗೆ ಯಾವ ಶೂ ಅಂತ ಬರ್ಕೊಂಡ್ರೆ ಇನ್ನೂ ಒಳ್ಳೇದು, ಮುಂದೆ ಹೋಲಿಸೋಕೆ. ರಸ್ತೆ ಓಟಕ್ಕೆ ಶೂ ತಳ 40 ಮಿಲಿಮೀಟರ್ ದಪ್ಪ ಮೀರಬಾರ್ದು, ಪ್ಲೇಟ್ ಒಂದೇ ಇರ್ಬೇಕು, ಅಷ್ಟೇ ನಿಯಮ. 2021ರ ವಿಯೆನ್ನಾ ಮ್ಯಾರಥಾನಲ್ಲಿ ಇಥಿಯೋಪಿಯಾದ ಡೆರಾರ ಹುರಿಸಾ ಮೊದಲು ಬಂದ್ರು, ಆಮೇಲೆ ನೋಡಿದ್ರೆ ಶೂ ತಳ 50 ಮಿಲಿಮೀಟರ್, ಗೆದ್ದಿದ್ದು ಹೋಯ್ತು.

ಸೈಕಲ್ ಗೆಳೆಯ ಮಾತ್ರ ಸರಿ ಇಲ್ಲ. ಅದೇ ವಿಯೆನ್ನಾದಲ್ಲಿ 2019ರ ಅಕ್ಟೋಬರ್ 12ಕ್ಕೆ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರನ 1:59:40ಕ್ಕೆ ಓಡಿದ್ದನ್ನ ನಾವೆಲ್ಲ ಉಸಿರು ಬಿಗಿ ಹಿಡಿದು ನೋಡಿದ್ವಿ. 41 ಪೇಸರ್‌ಗಳು ಪಾಳಿ ಬದಲಾಯಿಸ್ತಾ ಅವರ ಸುತ್ತ ಗಾಳಿ ತಡೀತಿದ್ರು, ಮುಂದೆ ಕಾರಿಂದ ರಸ್ತೆ ಮೇಲೆ ಬೆಳಕಿನ ಗೆರೆ ಬೀಳ್ತಿತ್ತು, ನೀರು ಕೈಗೇ ಬರ್ತಿತ್ತು, ಬೇರೆ ಸ್ಪರ್ಧಿಗಳೇ ಇರ್ಲಿಲ್ಲ. ಮನುಷ್ಯನ ಕೈಲಿ ಆಗುತ್ತೆ ಅಂತ ತೋರಿಸೋಕೆ ಓಡಿದ್ದು ಅದು, ದಾಖಲೆಗಲ್ಲ, ಅವರೂ ಹಾಗಂತ ಹೇಳ್ಕೊಳ್ಳಲಿಲ್ಲ. ರೇಸಲ್ಲಿ ಓಡಿದ ಅವರ ಬೆಸ್ಟ್ 2022ರ ಬರ್ಲಿನ್‌ದು, 2:01:09. ಅಂಥವರೇ ಎರಡನ್ನೂ ಬೇರೆ ಬೇರೆ ಇಟ್ಕೊಂಡಿದಾರೆ. ರೇಸಲ್ಲಿ ಬಾವುಟ ಕಟ್ಕೊಂಡು, ಒಂದು ಟೈಮಿಗೆ ಗುಂಪನ್ನ ಮುಟ್ಟಿಸೋಕೆ ಓಡೋ ಪೇಸರ್ ಹಿಂದೆ ಹೋದ್ರೆ ಪರ್ವಾಗಿಲ್ಲ, ಅವರೂ ಕಾಲಲ್ಲೇ ಓಡ್ತಿರ್ತಾರೆ, ಎಲ್ರಿಗೂ ಇರ್ತಾರೆ.

ಇಬ್ಬರೂ ಒಟ್ಟಿಗೆ ಒಂದು 5ಕೆ ರೇಸಿಗೆ ಹೆಸರು ಕೊಡಿ. ಆಮೇಲೆ ನಂಗೆ ಬರೀರಿ.

*

ಮೇಡಂ, ನಂಗೆ 57 ವರ್ಷ, ರಿಟೈರ್ ಆಗೋಕೆ ಹತ್ರ ಬಂದಿರೋ ಟೀಚರ್. 1987ರಲ್ಲಿ ಇಂಟರ್ ಕಾಲೇಜ್ ಸ್ಪೋರ್ಟ್ಸಲ್ಲಿ 800 ಮೀಟರ್ 2:31ಕ್ಕೆ ಓಡಿದ್ದೆ. ಮಣ್ಣಿನ ಟ್ರ್ಯಾಕು. ನಮ್ಮ ಪಿಟಿ ಮಾಸ್ಟರು ವಾಚ್ ನೋಡಿ ಟೈಮ್‌ನ ನನ್ನ ಅಂಗೈ ಮೇಲೆ ಪೆನ್ನಲ್ಲಿ ಬರೆದಿದ್ರು, ಕಾಗದ ಇರ್ಲಿಲ್ಲ ಅವರತ್ರ. ರಾತ್ರಿ ಊಟಕ್ಕೆ ಕೈ ತೊಳೆಯೋಕೆ ಮನಸ್ಸೇ ಬಂದಿರ್ಲಿಲ್ಲ. ಸರ್ಟಿಫಿಕೇಟ್ ಗೆದ್ದಲು ತಿಂದು ಹೋಯ್ತು. ಮೊನ್ನೆ ಮಗನಿಗೆ ಹೇಳಿದ್ರೆ, “ಅಮ್ಮಾ, ಪ್ರೂಫ್ ಇಲ್ದೆ ಇರೋದು ರೆಕಾರ್ಡ್ ಅಲ್ಲ” ಅಂದ. ಅವನು ತಮಾಷೆಗೇ ಅಂದಿದ್ದು, ಆದ್ರೂ ಅವತ್ತಿಂದ ಅದೇ ತಲೇಲಿ ಕೊರೀತಿದೆ. — ಓದುಗರು, ಹಾಸನ

ಅಕ್ಕಾ, ಈ ಪತ್ರ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಅದು ನಿಮ್ಮ ರೆಕಾರ್ಡ್. ಅಳತೆ ಹಾಕಿದ ಟ್ರ್ಯಾಕಲ್ಲಿ, ಸ್ಪರ್ಧೇಲಿ, ಇನ್ನೊಬ್ಬರು ವಾಚ್ ಹಿಡಿದು ನೋಡಿ ಹೇಳಿದ ಟೈಮ್ ಅದು. ಮೇಲಿನ ಪತ್ರಗಳಲ್ಲಿ ನಾನು ಕೇಳ್ತಿರೋದೆಲ್ಲ ನಿಮ್ಮಲ್ಲಿದೆ. ಕೈ ವಾಚ್ ಅಂತ ಸಣ್ಣದು ಮಾಡ್ಕೊಬೇಡಿ, 1977ರವರೆಗೆ 100 ಮೀಟರ್ ವಿಶ್ವದಾಖಲೆಗೂ ಕೈ ವಾಚಿನ ಟೈಮ್ ನಡೀತಿತ್ತು, ಆಮೇಲೆ 400 ಮೀಟರ್‌ವರೆಗಿನ ಓಟಕ್ಕೆ ಎಲೆಕ್ಟ್ರಾನಿಕ್ ಕಡ್ಡಾಯ ಮಾಡಿದ್ರು. 800ಕ್ಕೆ ಕೈ ವಾಚಲ್ಲಿ ಕಾಲು ಸೆಕೆಂಡ್ ಅತ್ತಿತ್ತ ಆದ್ರೆ ಆಗ್ಲಿ ಬಿಡಿ.

ಕಾಗದದ ವಿಷ್ಯಕ್ಕೆ ಫೌಜಾ ಸಿಂಗ್ ಅವರನ್ನ ನೆನೆಸ್ಕೊಳ್ಳಿ. ಪಂಜಾಬಲ್ಲಿ ಹುಟ್ಟಿ ಲಂಡನ್ನಲ್ಲಿದ್ದ ಅಜ್ಜ, ಪಾಸ್‌ಪೋರ್ಟಲ್ಲಿ 1911ರ ಏಪ್ರಿಲ್ 1 ಅಂತ ಹುಟ್ಟಿದ ದಿನ ಇತ್ತು. 2011ರಲ್ಲಿ ಟೊರಾಂಟೋದಲ್ಲಿ ಮ್ಯಾರಥಾನ್ ಮುಗಿಸಿದ್ರು, ನೂರು ವರ್ಷಕ್ಕೆ. ಗಿನ್ನೆಸ್‌ನವರು ಜನನ ಪ್ರಮಾಣಪತ್ರ ಕೇಳಿದ್ರು. ಆ ಕಾಲದ ಹಳ್ಳೀಲಿ ಅದನ್ನ ಯಾರು ಕೊಡ್ತಿದ್ರು? ಗಿನ್ನೆಸ್ ಪುಸ್ತಕದಲ್ಲಿ ಅಜ್ಜನ ಹೆಸರು ಬರ್ಲಿಲ್ಲ. ಗಿನ್ನೆಸ್‌ಗೆ ಕಾಗದ ಬೇಕು, ಅದು ಜಗತ್ತಿಗೆಲ್ಲ ಸೇರಿದ ಪಟ್ಟಿ, ಅವರು ಕೇಳೋದು ಸರಿ. ಪರ್ಸನಲ್ ರೆಕಾರ್ಡಿಗೆ ಓಡಿದವರ ನಿಯತ್ತೇ ಸಾಕ್ಷಿ, ನಿಮ್ಮ ನಿಯತ್ತು ಆ ಕೈ ತೊಳೆಯದೆ ಇದ್ದ ರಾತ್ರೀಲೇ ಗೊತ್ತಾಗುತ್ತೆ.

ಒಂದು ನೋಟ್‌ಬುಕ್ ತಗೊಳ್ಳಿ. ಮೊದಲ ಸಾಲಲ್ಲಿ ಬರೀರಿ: 800 ಮೀ., 2:31, 1987, ಮಣ್ಣಿನ ಟ್ರ್ಯಾಕ್, ಕೈ ವಾಚ್. ಆಮೇಲೆ ಒಂದು ಗೆರೆ ಎಳೆದು ಕೆಳಗೆ “55ರ ಮೇಲೆ” ಅಂತ ಹೆಡಿಂಗ್ ಹಾಕಿ. ಮಾಸ್ಟರ್ಸ್ ಅಥ್ಲೆಟಿಕ್ಸಲ್ಲಿ 35 ದಾಟಿದವರಿಗೆ ಐದೈದು ವರ್ಷಕ್ಕೊಂದು ವಿಭಾಗ ಇರುತ್ತೆ, ನಿಮ್ದು 55ರಿಂದ 59. ಆ ಪುಟ ಇನ್ನೂ ಖಾಲಿ ಇದೆ, ಮೊದಲು ಓಡಿದ್ದೇ ಅಲ್ಲಿ ನಿಮ್ಮ ಬೆಸ್ಟ್. ಡಾಕ್ಟರ್ ಹತ್ರ ಒಂದ್ಸಲ ಬಿಪಿ, ಇಸಿಜಿ ನೋಡಿಸ್ಕೊಂಡು, ಎರಡು ತಿಂಗಳು ನಡಿಗೆ ಓಟ ಸೇರಿಸಿ ಮಾಡಿ, ಆಮೇಲೆ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ. ಒಳಗಡೆಯ ಮೊದಲನೇ ಲೇನಲ್ಲೇ ಓಡಿ, ಎರಡು ಸುತ್ತು ಸರಿಯಾಗಿ 800 ಆಗೋದು ಅಲ್ಲೇ, ಎಂಟನೇ ಲೇನಲ್ಲಿ ಒಂದು ಸುತ್ತೇ 450 ಮೀಟರ್ ದಾಟುತ್ತೆ. ಮೊದಲ ಸುತ್ತು ಬೇಕಂತ ನಿಧಾನ ಹೋಗಿ, 1987ರ ಕಾಲು ಇದೆ ಅಂದ್ಕೊಂಡು ಹೊರಡ್ಬೇಡಿ.

ವಾಚ್ ಹಿಡಿಯೋಕೆ ಮಗನ್ನ ಕರ್ಕೊಂಡು ಹೋಗಿ. ಕಾಗದ ಬೇಡ, ಪೆನ್ನು ಮಾತ್ರ ತರೋಕೆ ಹೇಳಿ.